ತಿರುಗುವ ಸೌರ ಫಲಕಕ್ಕೆ ಬೆಳಕಿನ ಸೆನ್ಸರ್ ಬೇಕೆ, ಗಡಿಯಾರ ಸಾಕೆ?

ಕೊಪ್ಪಳದ ಹತ್ತಿರದ ತೋಟದಲ್ಲಿ ಬೋರ್‌ವೆಲ್ ಪಂಪಿಗೆ ಹಾಕಿಸಿರುವ ಒಂದು ಸಾಲು ಫಲಕಗಳನ್ನು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಲು ಎಲ್‌ಡಿಆರ್ (ಬೆಳಕು ಹೆಚ್ಚಿದಂತೆ ವಿದ್ಯುತ್ ರೋಧ ಕಡಿಮೆಯಾಗುವ ಬಿಡಿಭಾಗ) ಸೆನ್ಸರ್ ಒಳ್ಳೆಯದೋ ಸಮಯದ ಲೆಕ್ಕ ಒಳ್ಳೆಯದೋ ಎಂದು ಕೇಳಿದ್ದೀರಿ. ರಾಯಚೂರಿನಲ್ಲಿ ಇಂಥ ಕಂಟ್ರೋಲರ್ ಜೋಡಿಸುವ ನಾನು ಸಮಯದ ಲೆಕ್ಕವನ್ನೇ ಆರಿಸಿಕೊಳ್ಳುತ್ತೇನೆ.

ನಡುವೆ ಅಡ್ಡಪಟ್ಟಿಯಿಟ್ಟ ಎರಡು ಎಲ್‌ಡಿಆರ್‌ಗಳ ಮೇಲೆ ಬೆಳಕು ಸಮನಾಗುವವರೆಗೆ ಮೋಟಾರು ತಿರುಗುವ ಏರ್ಪಾಡು ತಿಳಿ ಬಿಸಿಲಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಮೋಡಗಳು ಚದುರಿ ಓಡುವ ದಿನಗಳಲ್ಲಿ ಅದು ಮೋಡದ ಹೊಳೆಯುವ ಅಂಚನ್ನೇ ಸೂರ್ಯನೆಂದು ಹುಡುಕುತ್ತಾ ಅಲೆಯುತ್ತದೆ. ಒಂದರ ಮೇಲೆ ಮಾತ್ರ ಧೂಳು ಕೂತರೆ ಫಲಕ ಸೊಟ್ಟಗೇ ನಿಲ್ಲುತ್ತದೆ, ಮತ್ತು ನಮ್ಮ ಕಡೆಯ ಧೂಳನ್ನು ನಿಮಗೆ ವಿವರಿಸಬೇಕಾಗಿಲ್ಲ. ಇಷ್ಟಕ್ಕೂ ಅಷ್ಟು ನಿಖರತೆಯ ಅಗತ್ಯವೇ ಇಲ್ಲ. ಫಲಕ 10 ಡಿಗ್ರಿ ತಪ್ಪಿ ನಿಂತರೂ ನೇರ ಬಿಸಿಲಿನಲ್ಲಿ ನಷ್ಟವಾಗುವುದು ಸುಮಾರು ಶೇ. 1.5 ಮಾತ್ರ. ಸೂರ್ಯ ಗಂಟೆಗೆ 15 ಡಿಗ್ರಿ ಸಾಗುವುದರಿಂದ 10 ನಿಮಿಷಕ್ಕೊಮ್ಮೆ ಎರಡೂವರೆ ಡಿಗ್ರಿ ಸರಿಸಿದರೆ ಧಾರಾಳವಾಯಿತು.

ಸೂರ್ಯ ಈಗ ಎಲ್ಲಿದ್ದಾನೆ ಎಂಬ ಲೆಕ್ಕಕ್ಕೆ ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ ಸಾಕು. ಡಿಎಸ್ 3231 ಗಡಿಯಾರದ ಚಿಪ್ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ನಿಮಿಷ ತಪ್ಪೀತು. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಕೊಪ್ಪಳ ಸುಮಾರು 76.2 ಡಿಗ್ರಿಯಲ್ಲಿದೆ, ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ಸೂರ್ಯನ ಮಧ್ಯಾಹ್ನ ಸರಾಸರಿ 25 ನಿಮಿಷ ತಡವಾಗಿ ಬರುತ್ತದೆ. ಇದಕ್ಕೆ ಋತುವಿಗನುಗುಣವಾಗಿ 16 ನಿಮಿಷದವರೆಗೆ ಹೆಚ್ಚುಕಡಿಮೆಯಾಗುವ ತಿದ್ದುಪಡಿಯನ್ನು ಪ್ರೋಗ್ರಾಮಿನಲ್ಲಿಯೇ ಸೇರಿಸಿ.

ನಿಮಗೆ ನಿಜವಾಗಿ ಬೇಕಾದ ಸೆನ್ಸರ್ ಬೇರೆ: ಫಲಕ ಈಗ ಎಷ್ಟು ವಾಲಿದೆ ಎಂದು ಹೇಳುವ ಇಂಕ್ಲಿನೋಮೀಟರ್. ಎರಡೂ ತುದಿಗಳಲ್ಲಿ, ಫಲಕ ಅಲ್ಲಿಗೆ ತಲುಪಿದಾಗ ಮೋಟಾರನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ ಇರಲೇಬೇಕು. ಆಕಾಶ ಪೂರ್ತಿ ಮುಚ್ಚಿದ್ದರೆ ಬೆಳಕು ಎಲ್ಲ ದಿಕ್ಕಿನಿಂದ ಬರುವುದರಿಂದ ಫಲಕವನ್ನು ಸಮತಟ್ಟಾಗಿ ಮಲಗಿಸಿಡುವುದೇ ಲಾಭ.

ಒಂದೇ ಅಕ್ಷದ ಈ ಏರ್ಪಾಡಿನಿಂದ ವರ್ಷದಲ್ಲಿ ಸಾಮಾನ್ಯವಾಗಿ ಶೇ. 15ರಿಂದ 25ರಷ್ಟು ಹೆಚ್ಚು ವಿದ್ಯುತ್ ಸಿಗುತ್ತದೆ, ಪಂಪು ಬೆಳಿಗ್ಗೆ ಬೇಗ ಎತ್ತಿಕೊಂಡು ಸಂಜೆ ತಡವಾಗಿ ನಿಲ್ಲುತ್ತದೆ. ಉತ್ತರ-ದಕ್ಷಿಣಕ್ಕೂ ವಾಲಿಸುವ ಎರಡನೆಯ ಅಕ್ಷದಿಂದ ಸಿಗುವ ಹೆಚ್ಚುವರಿ ಅದರ ಖರ್ಚಿಗೆ ತೂಗುವುದಿಲ್ಲ. ಆ ಹಣವನ್ನು ಗಾಳಿಯ ವೇಗ ಅಳೆಯುವ ಸಾಧನಕ್ಕೆ ಹಾಕಿ. ಮುಂಗಾರಿಗೆ ಮೊದಲಿನ ಬಿರುಗಾಳಿ ಎದ್ದ ಕೂಡಲೇ ಫಲಕ ತಾನಾಗಿ ಮಲಗುವಂತೆ ಮಾಡಿ, ಮೋಡ ಕವಿದಾಗಲೂ ಮೋಟಾರು ತಿರುಗುವಷ್ಟು ಬ್ಯಾಟರಿಯನ್ನು ಬೇರೆಯಾಗಿ ಇಡಿ.