ಮಂಗಳೂರಿನ ನಮ್ಮ ರಸ್ತೆಯಲ್ಲಿ ನಿವಾಸಿಗಳ ಸಂಘ ಮಾಡಿದರೆ ಜನ ಸೇರುತ್ತಾರಾ?

ಬಿಜೈ ಕಡೆ ಹೊಸದಾಗಿ ಮನೆ ಮಾಡಿದ್ದೀರಿ. ರಸ್ತೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಎಲ್ಲ ಕೇಳಿಸುತ್ತದೆ, ಆದರೆ ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ, ಸಂಘ ಮಾಡಿದರೆ ಜನ ಬರುತ್ತಾರಾ ಅಂತ ಕೇಳಿದ್ದೀರಿ. ಬರುತ್ತಾರೆ. ಸಂಘಕ್ಕೆ ಅಂತ ಕರೆದರೆ ಮಾತ್ರ ಬರುವುದಿಲ್ಲ.

ನಾನು ಬೆಂದೂರು ಹತ್ತಿರದ ಒಂದು ಅಡ್ಡರಸ್ತೆಯ ಸಂಘದಲ್ಲಿ ಲೆಕ್ಕ ಬರೆಯುವವನು. ಮೊದಲ ಸಲ ನಾವು ಶಾಮಿಯಾನ ಹಾಕಿ, ವೇದಿಕೆ ಮೇಲೆ ಎಂಟು ಕುರ್ಚಿ ಇಟ್ಟು ಉದ್ಘಾಟನೆ ಮಾಡಿದೆವು. ಮೇಲೆ ಎಷ್ಟು ಜನವೋ ಕೆಳಗೂ ಅಷ್ಟೇ ಜನ ಮಾರಾಯ್ರೆ! ಸಂಘ ಅಲ್ಲಿಗೇ ಮಲಗಿತು.

ಎಬ್ಬಿಸಿದ್ದು ನೀರು. 2019ರ ಬೇಸಿಗೆಯಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ನದಿಯ ನೀರು ಇಳಿದು, ಊರಿಗೆಲ್ಲ ಪಾಳಿ ಪ್ರಕಾರ ನೀರು ಬಿಡತೊಡಗಿದರು. ನಮ್ಮದು ಏರು ರಸ್ತೆ, ಬಿಟ್ಟ ದಿನವೂ ಮೇಲೆ ಹತ್ತುತ್ತಿರಲಿಲ್ಲ. ಮೂಲೆಮನೆ ಬಾಯಮ್ಮನ ಅಂಗಳದಲ್ಲಿ ಹಳೇ ಬಾವಿ ಉಂಟು. ಅವರು ಗೇಟು ತೆಗೆದಿಟ್ಟು, "ಪಂಪು ಮಾತ್ರ ಇಳಿಸಬೇಡಿ, ಕೈಯಲ್ಲಿ ಸೇದಿ" ಅಂದರು. ಬೆಳಿಗ್ಗೆ ಆರಕ್ಕೇ ಕೊಡಪಾನದ ಸಾಲು. ರಾಟೆಯದ್ದು ಕಿವಿ ಹರಿಯುವ ಸದ್ದು. ಮೂರನೇ ದಿನ ಎದುರುಮನೆಯ ಬ್ಯಾರಿ ಯಜಮಾನರು ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ ತಂದು ಅದಕ್ಕೆ ಬಿಟ್ಟರು. ಭಟ್ರಿಗೆ ಸೊಂಟನೋವು, ಅವರ ಕೊಡವನ್ನೂ ಈ ಯಜಮಾನರೇ ಸೇದಿಕೊಟ್ಟರು. ಯಾರಿಗೆ ಎಷ್ಟು ಕೊಡ ಅಂತ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟೆವಲ್ಲ, ನಮ್ಮ ಸದಸ್ಯರ ಪಟ್ಟಿ ಶುರುವಾದದ್ದು ಅದರಿಂದಲೇ.

ಒಟ್ಟಿಗೆ ಊಟ ಮಾಡಬೇಕು ಅನ್ನಿಸಿದಾಗ ದೊಡ್ಡ ತಲೆನೋವು ಅಡುಗೆಯದ್ದು. ಒಬ್ಬರಿಗೆ ಮೀನಿಲ್ಲದೆ ಊಟವೇ ಅಲ್ಲ, ಇನ್ನೊಬ್ಬರಿಗೆ ಮೀನಿನ ವಾಸನೆಯೇ ಆಗದು. ಪರಿಹಾರ ಹೇಳಿದ್ದೂ ಬಾಯಮ್ಮನೇ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ತೆನೆಹಬ್ಬದ ದಿನ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಮೀನು, ಮಾಂಸ ಇಲ್ಲ. ಹೊಸ ತೆನೆಯ ಅಕ್ಕಿಕಾಳು ಹಾಲಿಗೆ ಹಾಕಿ ಎಲ್ಲರಿಗೂ ಕೊಡುತ್ತಾರೆ, ಊಟವಿಡೀ ತರಕಾರಿ. ತುಳುವರಲ್ಲೂ ಹೊಸ ಅಕ್ಕಿ ಊಟ ಉಂಟಲ್ವಾ? ಆ ವಾರದ ಭಾನುವಾರ ಬಾವಿ ಪಕ್ಕದಲ್ಲೇ ಬಾಳೆಲೆ ಹಾಕಿದೆವು. ಪಲ್ಯ ಒಬ್ಬರ ಮನೆಯಿಂದ, ಪಾಯಸ ಇನ್ನೊಬ್ಬರ ಮನೆಯಿಂದ. ಕೆಸುವಿನೆಲೆಯ ಪತ್ರೊಡೆ ಮಾತ್ರ ಮೂರು ಮನೆಯಿಂದ ಬಂತು. ಯಾರದ್ದು ಸರಿ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ಸಭೆಯ ಭಾಷೆ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಜಗಳ ತುಳುವಿನಲ್ಲಿ, ಬರೆದಿಡುವುದು ಕನ್ನಡದಲ್ಲಿ. ಹೊಸಬರಿಗೆ ಪಕ್ಕದಲ್ಲಿ ಕೂತವರು ಹೇಳಿಕೊಡುತ್ತಾರೆ. ಹೊತ್ತು ಮಾತ್ರ ನೋಡಿ ಇಡಿ. ಭಾನುವಾರ ಬೆಳಿಗ್ಗೆ ಇಟ್ಟರೆ ಇಗರ್ಜಿಗೆ ಹೋಗುವವರು ತಪ್ಪುತ್ತಾರೆ, ಶುಕ್ರವಾರ ಮಧ್ಯಾಹ್ನ ಮಸೀದಿಗೆ ಹೋಗುವವರು. ನಮ್ಮದು ಭಾನುವಾರ ಸಂಜೆ ಐದಕ್ಕೆ, ಚಹಾ ಜೊತೆ.

ನೋಂದಣಿಗೆ ಅವಸರ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ 7 ಜನ ಇದ್ದರೆ ಸಾಕು. ದುಡ್ಡು ಸೇರತೊಡಗಿ ಬ್ಯಾಂಕ್ ಖಾತೆ ಬೇಕಾದಾಗ ಮಾಡಿಸಿದರಾಯಿತು.

ಈಗ ಸುಮ್ನೆ ಒಂದು ಸಂಜೆ ನಿಮ್ಮ ರಸ್ತೆಯ ಮಳೆನೀರು ಹರಿಯುವ ತೋಡು ನೋಡಿಕೊಂಡು ಬನ್ನಿ. ಹೂಳು ತುಂಬಿದ್ದರೆ ಪಕ್ಕದ ಮನೆಯ ಗೇಟು ತಟ್ಟಿ, ಜೂನ್ ಮಳೆಗೆ ಮೊದಲು ತೆಗೆಸೋಣವಾ ಅಂತ ಕೇಳಿ. ಹೆಸರು ಅವರೇ ಹೇಳುತ್ತಾರೆ.