ಜಗಲಿಯಿಂದ ಶೌಚಾಲಯದವರೆಗೆ

ಕಾಸರಗೋಡಿನ ಹಳ್ಳಿಗಳಲ್ಲಿ ಅಂಗವಿಕಲರು ಸ್ವತಂತ್ರವಾಗಿ ಬದುಕುವುದಕ್ಕೆ ಏನು ಅನುಕೂಲವಿದೆ, ಅವರ ಪರವಾಗಿ ಮಾತಾಡುವವರು ಯಾರು ಎಂದು ಕೇಳಿದ್ದೀರಿ. ಪಕ್ಕದ ಮನೆಯಿಂದಲೇ ಶುರು ಮಾಡುತ್ತೇನೆ.

ಎಣ್ಮಕಜೆ ಪಂಚಾಯತಿನಲ್ಲಿ, ಗುಡ್ಡದ ಬದಿಯ ಮನೆ. ತಾಯಿ, ಮತ್ತು ಮೂವತ್ತು ದಾಟಿದ ಮಗ. ಹುಡುಗನಿಗೆ ಮಾತು ಬಾರದು, ಬಲಗಾಲು ಎಳೆದುಕೊಂಡೇ ನಡೆಯಬೇಕು, ಆಗಾಗ ಫಿಟ್ಸ್ ಬರುತ್ತದೆ. ಜಗಲಿಯಿಂದ ಹಿಂಬದಿಯ ಶೌಚಾಲಯಕ್ಕೆ ನನ್ನ ಲೆಕ್ಕದಲ್ಲಿ ಹದಿನಾಲ್ಕು ಹೆಜ್ಜೆ. ಆ ದಾರಿಯುದ್ದಕ್ಕೂ ಸೀಳಿದ ಅಡಿಕೆ ಮರದ ಸಲಾಕೆಗಳನ್ನು ಸೊಂಟದೆತ್ತರಕ್ಕೆ ಕಟ್ಟಿದ್ದೇವೆ. ಅದನ್ನು ಕಟ್ಟುವವರೆಗೆ ತಾಯಿಯ ಹೆಗಲೇ ಅವನ ಆಸರೆಯಾಗಿತ್ತು. ಈಗ ಅವನು ಒಬ್ಬನೇ ಹೋಗುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ. ಯಾರಾದರೂ ಕೈ ಹಿಡಿಯಲು ಹೋದರೆ ಸಿಟ್ಟು. ನೀವು ಕೇಳಿದ ಸ್ವಾತಂತ್ರ್ಯ ನಮ್ಮಲ್ಲಿ ಇಷ್ಟು ಉದ್ದವಿದೆ.

ಇಲ್ಲಿನ ಕಥೆ ನಿಮಗೆ ಸ್ವಲ್ಪ ಗೊತ್ತಿರಬಹುದು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಮೇಲಿನ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ನಮ್ಮ ಕುಡಿಯುವ ನೀರು ಅದೇ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳಿಂದ ಬರುತ್ತದೆ. ಪಡ್ರೆ ಎಂಬ ಹಳ್ಳಿಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಏನೋ ಸರಿಯಿಲ್ಲ ಎಂದರು, ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಗಿನವರಿಗೆ ಮುಟ್ಟಿಸಿದರು. ಸಿಂಪಡಣೆ ನಿಲ್ಲಿಸಿ ಎಂದು 1998ರಲ್ಲಿ ಕೋರ್ಟಿಗೆ ಹೋದ ಲೀಲಾಕುಮಾರಿ ಅಮ್ಮ ಸ್ವತಃ ಕೃಷಿ ಇಲಾಖೆಯ ನೌಕರರು. ಅಂಗವಿಕಲರ ಪರವಾಗಿ ಮಾತಾಡುವವರು ಯಾರು ಎಂದಿರಲ್ಲ, ಮೊದಲ ಸಾಲಿನಲ್ಲಿ ಈ ಮೂವರು. ಆಮೇಲಿನ ಸಾಲಿನಲ್ಲಿ ಎಲ್ಲರೂ ತಾಯಂದಿರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರತಿಯೊಬ್ಬ ಸಂತ್ರಸ್ತರಿಗೂ ಮೂರು ತಿಂಗಳೊಳಗೆ ಐದು ಲಕ್ಷ ರೂಪಾಯಿ ಕೊಡಿ ಎಂದಿತು. 2019ರಲ್ಲಿ ಈ ತಾಯಂದಿರು ಮಕ್ಕಳನ್ನು ಎತ್ತಿಕೊಂಡು, ಇಡೀ ರಾತ್ರಿ ರೈಲಿನಲ್ಲಿ ಕುಳಿತು ಹೋಗಿ, ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಧರಣಿ ಕೂತರು. 2022ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ಅದೇ ಕೋರ್ಟಿನ ಬಾಗಿಲು ಮತ್ತೆ ತಟ್ಟಬೇಕಾಯಿತು. ಇಲ್ಲಿ ಮೂರು ತಿಂಗಳು ಎಂದರೆ ಎಷ್ಟು ಉದ್ದವೆಂದು ನೀವೇ ಅಳೆದುಕೊಳ್ಳಿ.

ಒಳ್ಳೆಯದನ್ನೂ ಹೇಳಬೇಕು. ದೀರ್ಘಕಾಲದ ರೋಗಿಗಳನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಕೇರಳದ ಈ ಒಂದು ಪದ್ಧತಿಯ ಬಗ್ಗೆ ನನಗೆ ನಿಜಕ್ಕೂ ಅಭಿಮಾನ. ಬುದ್ಧಿಮಾಂದ್ಯ ಮಕ್ಕಳಿಗೆ ಪಂಚಾಯತುಗಳೇ ನಡೆಸುವ ಬಡ್ಸ್ ಶಾಲೆಗಳಿವೆ. ಹಾಸಿಗೆ ಹಿಡಿದ ಸಂತ್ರಸ್ತರಿಗೆ ತಿಂಗಳಿಗೆ 2200 ರೂಪಾಯಿ, ಬೇರೆ ಅಂಗವಿಕಲ ಪಿಂಚಣಿ ಬರುತ್ತಿದ್ದರೆ 1700. ನೋಡಿಕೊಳ್ಳುವವರಿಗೆ ‘ಆಶ್ವಾಸಕಿರಣಂ’ ಯೋಜನೆಯಲ್ಲಿ 700. ದಿನಕ್ಕೆ ಇಪ್ಪತ್ತಮೂರು ರೂಪಾಯಿ ಚಿಲ್ಲರೆ ಆಯಿತು. ಅಷ್ಟಕ್ಕೆ ಅಡಿಕೆ ಸುಲಿಯಲೂ ಯಾರೂ ಬರುವುದಿಲ್ಲ.

ಪಿಂಚಣಿ ಬರುತ್ತಿರಬೇಕಾದರೆ ಆಗಾಗ ಮಸ್ಟರಿಂಗ್ ಮಾಡಿಸಬೇಕು, ಅಂದರೆ ಬದುಕಿದ್ದೇನೆಂದು ಬೆರಳೊತ್ತಿ ತೋರಿಸಬೇಕು. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೆ, ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದವರೇ ಯಂತ್ರ ತರುತ್ತಾರೆ. ಹುಡುಗನಿಗೆ ಜ್ವರವಿದ್ದ ವರ್ಷ ಹಾಗೆಯೇ ಬಂದಿದ್ದರು. ಅವನ ಬೆರಳುಗಳು ಮಡಚಿಕೊಂಡಿವೆ. ತಾಯಿ ಒಂದೊಂದಾಗಿ ಬಿಡಿಸಿ ಗಾಜಿನ ಮೇಲೆ ಒತ್ತಿದರೆ ಯಂತ್ರ ಒಪ್ಪಲಿಲ್ಲ, ಕಣ್ಣು ತೋರಿಸೋಣವೆಂದರೆ ಅವನು ಮುಖ ನಿಲ್ಲಿಸುವುದಿಲ್ಲ. ಕೊನೆಗೆ ಲೈಫ್ ಸರ್ಟಿಫಿಕೇಟ್ ಕೊಡಬಹುದೆಂದರು. ಫಾರ್ಮ್ ಮಲಯಾಳದಲ್ಲಿತ್ತು. “ಮಾಷ್ಟ್ರೇ, ಇದರಲ್ಲಿ ಏನು ಕೇಳಿದ್ದಾರೆ?” ಎಂದು ತಾಯಿ ನನ್ನ ಕೈಗೆ ಕೊಟ್ಟರು. ಮನೆಮಾತು ತುಳು, ಓದಿದ್ದು ಐದನೆಯವರೆಗೆ, ಕನ್ನಡದಲ್ಲಿ. “ನಿಮ್ಮ ಮಗ ಬದುಕಿದ್ದಾನೋ ಎಂದು ಕೇಳಿದ್ದಾರೆ ಅಕ್ಕಾ” ಎಂದೆ. ಅವರು ಮಗನನ್ನು ನೋಡಿ ನಕ್ಕರು. ಅವನೂ ನಕ್ಕ.

ಕೇರಳದ 1969ರ ಭಾಷಾ ಕಾಯ್ದೆಯ ಪ್ರಕಾರ ನಮ್ಮ ತಾಲೂಕುಗಳ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಸಿಗಬೇಕು. ನಾನು ಬರೆದುಕೊಡುವ ಪ್ರತಿ ಅರ್ಜಿಯ ತಲೆಯ ಮೇಲೆ ಇದನ್ನು ಹಟ ಹಿಡಿದು ಬರೆಯುತ್ತೇನೆ. ಅಂಗವಿಕಲರ ಪರ ಹೋರಾಟವೆಂದರೆ ನನ್ನ ಪಾಲಿಗೆ ಅರ್ಧ ಭಾಷಾಂತರ.

ಉಳಿದರ್ಧ ಗಡಿ. ಹುಡುಗನ ಡಾಕ್ಟರು ಮಂಗಳೂರಿನಲ್ಲಿ, ಮಾತ್ರೆಯೂ ಅಲ್ಲಿಂದಲೇ. 2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ಕರ್ನಾಟಕದ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಡಬ್ಬಿಯಲ್ಲಿ ಒಂಬತ್ತು ದಿನದ ಮಾತ್ರೆ ಉಳಿದಿತ್ತು. ಅದು ಹೇಗೆ ಈಚೆ ಬಂತೆಂದು ಬರೆಯುವುದಿಲ್ಲ, ತಂದುಕೊಟ್ಟವರು ಇನ್ನೂ ಇಲ್ಲೇ ಇದ್ದಾರೆ. ತಾಯಿಯ ಅಣ್ಣ ಗಡಿಯಾಚೆ ವಿಟ್ಲದ ಕಡೆ ಇದ್ದಾರೆ, ಇಬ್ಬರೂ ಬನ್ನಿ ಎಂದು ಕರೆಯುತ್ತಾರೆ. ಆದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ದೇಶಕ್ಕೆಲ್ಲ ನಡೆದರೂ ಪಿಂಚಣಿ ಗಡಿಯ ಸಾರಡ್ಕ ದಾಟುವುದಿಲ್ಲ. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯೂ ಅದೇ ವಿಷ ಬಿದ್ದಿದೆ, ಅಲ್ಲಿಯವರ ಪಟ್ಟಿ ಕರ್ನಾಟಕದ್ದು, ನಮ್ಮದು ಕೇರಳದ್ದು.

“ನಾನು ಹೋದ ಮೇಲೆ ಇವನ ಗತಿ?” ಈ ಪ್ರಶ್ನೆ ಇಲ್ಲಿನ ಅಂಥ ಪ್ರತಿ ಮನೆಯಲ್ಲೂ ಇದೆ. ಎಂಡೋಸಲ್ಫಾನ್ ಸಂತ್ರಸ್ತರಿಗೆಂದು ಮಾಡಿದ ಮುಳಿಯಾರಿನ ಪುನರ್ವಸತಿ ಗ್ರಾಮ ಇದಕ್ಕೊಂದು ಉತ್ತರ. ಬೇಡವೆನ್ನಲು ನನಗೇನು ಹಕ್ಕು? ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಐದನೆಯ ಸೆಕ್ಷನ್ನು ಬೇರೆಯೇ ಹೇಳುತ್ತದೆ: ಸಮುದಾಯದ ನಡುವೆ ಬದುಕುವುದು ಅವರ ಹಕ್ಕು, ಇಂಥಲ್ಲೇ ಇರಬೇಕೆಂದು ಕಟ್ಟುಪಾಡಿಲ್ಲ. ಇದನ್ನು ಕನ್ನಡದಲ್ಲಿ ಓದಿ ಹೇಳಿದಾಗ ತಾಯಿ ಕೇಳಿದ್ದು ಒಂದೇ ಮಾತು: “ಹಾಗಾದರೆ ರಾತ್ರಿ ಇವನಿಗೆ ಫಿಟ್ಸ್ ಬಂದರೆ ಯಾರು ಏಳುತ್ತಾರೆ?” ಸಂಬಳಕ್ಕೆ ಏಳುವವರೊಬ್ಬರು ಇದೇ ಊರಿನಲ್ಲಿ ಬೇಕು ಎಂದು ನಾವು ಗ್ರಾಮಸಭೆಯಲ್ಲಿ ಕೇಳುತ್ತಿದ್ದೇವೆ. ಅದಕ್ಕೆ ಸರಿಹೊಂದುವ ಯೋಜನೆ ಇಲ್ಲವಂತೆ.

ಅಡಿಕೆ ಸಲಾಕೆ ಮಳೆಗೆ ಕುಂಬಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಬೇಕು. ಈ ಸಲ ನಾನೂ ಪಕ್ಕದ ಮನೆಯ ಹುಡುಗರೂ ಸೇರಿ ಕಟ್ಟುತ್ತಿದ್ದಾಗ ಅವನು ಬಂದು, ತಿರುವಿನ ಹತ್ತಿರ ಸಲಾಕೆಯ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿ ತೋರಿಸಿದ. ನಾಲ್ಕು ಬೆರಳಷ್ಟು ತಗ್ಗಿಸಿ ಕಟ್ಟಿದೆವು.