ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು

ಪ್ರಶ್ನೆ: 18 ವರ್ಷಗಳಿಂದ ಸಭೆಯಲ್ಲಿ ಬೈಬಲ್ ತರಗತಿ ನಡೆಸುತ್ತಿದ್ದೇನೆ. ಮೊನ್ನೆ ಪಾಠದಲ್ಲಿ 'ಮಗು ಯೇಸುವನ್ನು ನೋಡಲು ಮೂವರು ಜೋಯಿಸರು ಬಂದರು' ಎಂದೆ. ಹೊಸದಾಗಿ ನಂಬಿಕೆಗೆ ಬಂದ ಹುಡುಗಿಯೊಬ್ಬಳು, 'ಮೂವರು ಅಂತ ಎಲ್ಲಿದೆ ಅಣ್ಣಾ?' ಎಂದು ಕೇಳಿದಳು. 'ಮೊದಲು ಕಲಿ, ಆಮೇಲೆ ಮಾತಾಡು' ಎಂದು ಗದರಿಬಿಟ್ಟೆ. ಮನೆಗೆ ಬಂದು ನೋಡಿದರೆ ಅವಳದ್ದೇ ಸರಿ. ಈಗ ಅವಳು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ. ಕ್ಷಮೆ ಕೇಳಿದರೆ ಉಳಿದವರು ನನ್ನ ಮಾತಿಗೆ ಬೆಲೆ ಕೊಡುತ್ತಾರಾ?

ಉತ್ತರ: ಸಹೋದರರೇ, ಮನೆಗೆ ಹೋಗಿ ಮತ್ತಾಯ 2ನೇ ಅಧ್ಯಾಯ ತೆರೆದು ನೋಡಿದಿರಲ್ಲ, ಅದು ನನಗೆ ತುಂಬಾ ಹಿಡಿಸಿತು. ಅಲ್ಲಿರುವುದು ಜೋಯಿಸರು ತಂದ ಕಾಣಿಕೆಗಳು: ಚಿನ್ನ, ಧೂಪ, ರಕ್ತಬೋಳ ಎಂಬ ಸುಗಂಧದ ಅಂಟು. ಬಂದವರು ಎಷ್ಟು ಜನ ಅಂತ ಬರೆದಿಲ್ಲ. ಕಾಣಿಕೆ ಮೂರು ಅಂತ ಜನರನ್ನೂ ಮೂವರು ಮಾಡಿಬಿಟ್ಟಿದ್ದೇವೆ, ನಾವೆಲ್ಲರೂ. ಆ ತಪ್ಪು ಚಿಕ್ಕದು. ಅವಳಿಗೆ ನೋವಾಗಿದ್ದು ನೀವು ಗದರಿದ್ದಕ್ಕೆ.

ಪ್ರಾರ್ಥನೆಯಲ್ಲಿ 'ನಾನು ಪಾಪಿ' ಎಂದು ನಾವೇ ಹೇಳಿಕೊಳ್ಳುವುದು ಅಷ್ಟು ಕಷ್ಟವಲ್ಲ. ನಮಗಿಂತ ಚಿಕ್ಕವರು ತಪ್ಪು ತೋರಿಸಿದಾಗ ಮಾತ್ರ ಮೈಯೆಲ್ಲ ಉರಿಯುತ್ತದೆ, ಅಲ್ವಾ? ದೀನತೆ ಬೇಕಾಗುವುದು ಆ ಗಳಿಗೆಯಲ್ಲೇ.

ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದ ಅಪೊಲ್ಲೋಸನನ್ನು ನೆನಪಿಸಿಕೊಳ್ಳಿ. ಅಲೆಕ್ಸಾಂದ್ರಿಯದವನು, ಒಳ್ಳೆಯ ಮಾತುಗಾರ, ಶಾಸ್ತ್ರ ಚೆನ್ನಾಗಿ ಬಲ್ಲವನು. ಎಫೆಸದಲ್ಲಿ ಹುರುಪಿನಿಂದ ಬೋಧಿಸುತ್ತಿದ್ದ. ಆದರೆ ಅವನಿಗೆ ಗೊತ್ತಿದ್ದದ್ದು ಯೇಸುವಿಗೆ ಮುಂಚೆ ಬಂದ ಯೋಹಾನನು ಪಶ್ಚಾತ್ತಾಪಕ್ಕಾಗಿ ಕೊಡುತ್ತಿದ್ದ ದೀಕ್ಷಾಸ್ನಾನ ಮಾತ್ರ. ಅವನನ್ನು ಕರೆದು ಕೂರಿಸಿಕೊಂಡು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದವರು ಯಾರು? ಪ್ರಿಸ್ಕಿಲ್ಲ, ಅಕ್ವಿಲ. ಗುಡಾರ ಮಾಡುವ ಕಸುಬಿನ ಗಂಡ ಹೆಂಡತಿ. ಅವನು ವಾದಕ್ಕಿಳಿದ ಅಂತ ಅಲ್ಲಿ ಒಂದು ಮಾತೂ ಇಲ್ಲ. ಇದಾದ ಮೇಲೆ ಅವನು ಗ್ರೀಸಿನ ಅಖಾಯಕ್ಕೆ ಹೊರಟಾಗ, ಅವನನ್ನು ಸೇರಿಸಿಕೊಳ್ಳಿ ಎಂದು ಸಹೋದರರು ಪತ್ರ ಬರೆದುಕೊಟ್ಟರು. ಅಲ್ಲಿನ ವಿಶ್ವಾಸಿಗಳಿಗೆ ಅವನಿಂದ ಬಹಳ ಸಹಾಯವಾಯಿತು. ಬೆಲೆ ಹೋಗುತ್ತದೇನೋ ಎಂಬ ನಿಮ್ಮ ಭಯಕ್ಕೆ ನನ್ನ ಉತ್ತರ ಇದೇ.

'ಅವಳು ಪಕ್ಕಕ್ಕೆ ಕರೆದು ಹೇಳಬಹುದಿತ್ತು' ಎಂದು ಮನಸ್ಸು ನೆಪ ಹುಡುಕೀತು. ಅವಳು ಕೇಳಿದ್ದು ಒಂದು ಪ್ರಶ್ನೆ ಅಷ್ಟೇ. ತರಗತಿ ಇರುವುದೇ ಅದಕ್ಕೆ.

ಎಲ್ಲರ ಮುಂದೆ ಗದರಿದ್ದೀರಿ, ಕ್ಷಮೆಯನ್ನೂ ಎಲ್ಲರ ಮುಂದೆಯೇ ಕೇಳಿ. 'ಅವತ್ತು ನಾನು ಹೇಳಿದ್ದು ತಪ್ಪು. ನಿನ್ನನ್ನು ಗದರಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸಮ್ಮ.' ಇಷ್ಟು ಸಾಕು. 'ಆದರೆ' ಅಂತ ಏನೂ ಸೇರಿಸಬೇಡಿ. ಅವಳು ತಕ್ಷಣ ಮೊದಲಿನಂತಾಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಸಮಯ ಕೊಡಿ. ಅವಳಿಗೆ ಇಷ್ಟವಿದ್ದರೆ ಆ ಅಧ್ಯಾಯವನ್ನು ಅವಳ ಕೈಯಲ್ಲೇ ಓದಿಸಿ. ನೀವೂ ಪುಸ್ತಕ ತೆರೆದಿಟ್ಟುಕೊಂಡು, ಅವಳ ಜೊತೆ ಒಂದೊಂದೇ ವಚನ ನೋಡುತ್ತಾ ಹೋಗಿ.